ಬೀಗದೊಳಗಿನ ರಾಣಿಹುಳು

ಶುಕ್ರವಾರ, ಮಧ್ಯಾಹ್ನ

ನನ್ನ ಪಾರ್ಸಲ್ ಸಾಹೇಬರೆ,

ಊಟದ ಡಬ್ಬಿಯ ಅಡಿಯಲ್ಲಿ ಈ ಕಾಗದ ಇಟ್ಟಿದ್ದೇನೆ. ಅಂಚೆ ಕಚೇರಿಯಲ್ಲಿ ದುಡಿಯುವ ಗಂಡನಿಗೆ ಒಂದು ಕಾಗದ ಮುಟ್ಟಿಸಲು ಪಕ್ಕದ ಮನೆಯ ದರ್ಜಿ ಅಕ್ಕನ ಕೈಕಾಲು ಹಿಡಿಯಬೇಕಾಯಿತು, ನೋಡಿ ನಮ್ಮ ಯೋಗ! ನಿಮ್ಮ ಮುಷ್ಕರದ ಡೇರೆಗೆ ನಾನೇ ಬರಬಹುದಿತ್ತು. ಬಂದರೆ ಬಾಯಿ ಸುಮ್ಮನಿರುವುದಿಲ್ಲ, ಜೊತೆಗಾರರ ಎದುರು ಮುಖಂಡರ ಮಾನ ಹೋಗುತ್ತದೆ.

ನಿಮ್ಮ ಬೇಡಿಕೆ ನ್ಯಾಯವಾದದ್ದೇ. ಹಂಗಾಮಿ ಕೆಲಸಗಾರರನ್ನು ಹೇಳದೆ ಕೇಳದೆ ಮನೆಗೆ ಕಳಿಸಿದ್ದು ತಪ್ಪು. ನಿನ್ನೆ ಕನ್ನಡಕದ ಅಂಗಡಿಯವರು ಬಾಗಿಲಿಗೇ ಬಂದು, “ನಿಮ್ಮೆಜಮಾನ್ರಿಗೆ ಸ್ವಲ್ಪ ಹೇಳಿ ತಾಯಿ, ಗಾಜಿನ ಪಾರ್ಸಲೆಲ್ಲ ಅಂಚೆ ಕಚೇರಿ ಒಳಗೇ ಸಿಕ್ಕಾಕೊಂಡಿದೆ, ನಾನಿಲ್ಲಿ ಬರೀ ಫ್ರೇಮ್ ಒರೆಸ್ಕೊಂಡು ಕೂತಿದೀನಿ” ಎಂದು ಗೋಳಾಡಿದರು. ಪರವೂರಿಗೆ ಕಳಿಸಬೇಕಾದ ಬಟ್ಟೆಯ ಗಂಟುಗಳು ದರ್ಜಿ ಅಕ್ಕನ ಮಂಚವನ್ನೇ ಹಿಡಿದಿವೆ, ಅವಳು ನೆಲದಲ್ಲಿ ಮಲಗುತ್ತಾಳೆ. ಎಲ್ಲರೆದುರೂ ನಿಮ್ಮ ಪರವಾಗಿ ವಾದ ಮಾಡಿದೆ. ಆಮೇಲೆ ಅಡುಗೆಮನೆಗೆ ಹೋಗಿ ನಿಮ್ಮನ್ನೇ ಬಾಯ್ತುಂಬ ಬೈದೆ.

ಇನ್ನು ನಮ್ಮ ಪೊಟ್ಟಣದ ವಿಷಯ. ಹಳೆಯ ತಾಯಿರಾಣಿ ಸತ್ತ ಮೇಲೆ ನನ್ನ ಜೇನುಪೆಟ್ಟಿಗೆಗಳ ಗತಿ ಏನೆಂದು ನಿಮಗೆ ಗೊತ್ತು. ಒಂದು ಒಳ್ಳೆಯ ತಾಯಿರಾಣಿ ಇದ್ದರೆ ಅದರ ಮರಿರಾಣಿಗಳನ್ನು ಬೆಳೆಸಿ ಊರೂರಿನ ಜೇನು ಸಾಕುವವರಿಗೆ ಕಳಿಸಬಹುದು. ಅದಿಲ್ಲದೆ ನನ್ನ ಕಸುಬೇ ಇಲ್ಲ. ಹುಡುಕಿ ಹುಡುಕಿ ತರಿಸಿದ ಹೊಸ ರಾಣಿ ಮುಷ್ಕರದ ಹಿಂದಿನ ಸಂಜೆ ನಿಮ್ಮ ಕೈಗೇ ಬಂದಿತ್ತು. ಆದರೆ ನಿಮ್ಮದೊಂದು ಕಟ್ಟುನಿಟ್ಟು ಇದೆಯಲ್ಲ, ಊರಿನ ಪಾರ್ಸಲೆಲ್ಲ ಹಂಚಿ ಮುಗಿದ ಮೇಲೇ ಸ್ವಂತ ಮನೆಯದು! ಅದನ್ನು ಕಚೇರಿಯ ಕಪಾಟಿನಲ್ಲೇ ಬಿಟ್ಟು, “ನಾಳೆ ತರ್ತೀನಿ ಬಿಡೇ” ಎಂದು ಕೈಬೀಸಿಕೊಂಡು ಬಂದಿರಿ. ಬೆಳಗಾಗುವಷ್ಟರಲ್ಲಿ ಮುಷ್ಕರ, ಬಾಗಿಲಿಗೆ ಬೀಗ. ನಿಮ್ಮ ಪ್ರಾಮಾಣಿಕತೆಗೆ ಏನೆನ್ನಲಿ?

ಬೆಂಕಿಪೊಟ್ಟಣದಷ್ಟು ಗೂಡಿನಲ್ಲಿ ಆ ರಾಣಿ, ಅದಕ್ಕೆ ಉಣಿಸುವ ನಾಲ್ಕಾರು ಹುಳುಗಳು, ಒಂದು ಚೂರು ಸಕ್ಕರೆ ಪಾಕ. ಪಾಕ ತೀರಿದರೆ ಮುಗಿಯಿತು. ಇಲ್ಲಿ ರಾಣಿಯಿಲ್ಲದ ತಬ್ಬಲಿ ಪೆಟ್ಟಿಗೆಯ ಹುಳುಗಳು ಹಗಲೂ ರಾತ್ರಿ ಮೊರೆಯುತ್ತಿವೆ. ಈ ಹೂವಿನ ಕಾಲ ತಪ್ಪಿದರೆ ನಾನು ಪೆಟ್ಟಿಗೆಗಳನ್ನು ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳಬೇಕು.

ನಿಮ್ಮ ಅಧಿಕಾರಿ ಆಳು ಕಳಿಸಿದ್ದರು. “ಹಿಂದಿನ ಬಾಗಿಲಿಗೆ ಬನ್ನಿ, ನಿಮ್ಮದೊಂದು ತಗೊಂಡು ಹೋಗಿ, ಯಾರಿಗೂ ಗೊತ್ತಾಗಲ್ಲ” ಎಂದರಂತೆ. ನಾನೇನು ದಡ್ಡಿಯೇ? ಮುಖಂಡನ ಮನೆಯ ಪಾರ್ಸಲ್ ಮಾತ್ರ ಹೊರಗೆ ಬಂತು ಎಂದು ಅವರೇ ಡಂಗುರ ಸಾರುತ್ತಾರೆ. ನಿಮ್ಮ ಮಾತಿಗೆ ಆಮೇಲೆ ಯಾರು ಬೆಲೆ ಕೊಟ್ಟಾರು? ಹೋದರೆ ನಿಮ್ಮ ಮುಖಕ್ಕೆ ಮಸಿ, ಹೋಗದಿದ್ದರೆ ನನ್ನ ಇಷ್ಟು ವರ್ಷದ ಶ್ರಮ ಮಣ್ಣುಪಾಲು. ಎತ್ತ ಹೊರಳಿದರೂ ಗೋಡೆಯೇ ಹಣೆಗೆ ಬಡಿಯುತ್ತಿದೆ. ನಾನು ಏನು ಮಾಡಲಿ? ಖಾಲಿ ಡಬ್ಬಿಯ ಜೊತೆ ಉತ್ತರ ಬರೆದು ಕಳಿಸಿ. ಕೋಪ ಬಂದರೂ ಊಟ ಬಿಡಬೇಡಿ.

ನಿಮ್ಮ
ಜಗಳಗಂಟಿ

ತಾ.ಕ.: ಉತ್ತರ ಬೇಡ. ಮೇಲೆ ಕೇಳಿದ್ದೆಲ್ಲ ನಾಟಕ. ಬೆಳಿಗ್ಗೆಯೇ ಹಿಂದಿನ ಬಾಗಿಲಿನಿಂದ ಹೋಗಿ ತಂದುಬಿಟ್ಟೆ. ರಾಣಿ ಬದುಕಿದೆ. ಜಾಲರಿಯೊಳಗೆ ಅದು ಹರಿದಾಡುವುದನ್ನು ಕಂಡು ಖುಷಿಗೆ ಹಿತ್ತಿಲಲ್ಲೇ ಕುಳಿತು ಅತ್ತೆ, ಆ ಖುಷಿಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಪೊಟ್ಟಣ ಕೈಗೆ ಕೊಡುವಾಗ ಅಧಿಕಾರಿ ಫೋಟೋ ತೆಗೆದರು. ಸಂಜೆಗೆ ಅದನ್ನು ಕಚೇರಿಯ ಗೇಟಿಗೆ ಅಂಟಿಸುತ್ತಾರಂತೆ. ಅಷ್ಟರೊಳಗೆ ನೀವೇ ಎದ್ದು ನಿಂತು ಎಲ್ಲರಿಗೂ ಹೇಳಿಬಿಡಿ: ಅವಳು ನನಗೆ ತಿಳಿಸದೆ ಹೋದಳು, ಇನ್ನು ಅವಳಿಗೂ ನನಗೂ ಸಂಬಂಧವಿಲ್ಲ ಎಂದು. ಯಾರು ಬಂದು ಕೇಳಿದರೂ ನಾನು ಹೌದೆನ್ನುತ್ತೇನೆ. ತಡಮಾಡಬೇಡಿ.