ಪೆಟ್ಟಿಗೆಯ ಮೂಲೆ ಕೂಡಿಸಿದ್ದು ಯಾರು?

ಅತ್ತೆ,

ನೀವಿನ್ನೂ ವಾಕಿಂಗ್‌ನಿಂದ ಬಂದಿಲ್ಲ, ನನಗೆ ಆಫೀಸಿಗೆ ಹೊತ್ತಾಯ್ತು. ಮಾತ್ರೆ ಫ್ರಿಜ್ ಮೇಲಿದೆ, ತಿಂಡಿ ಆದಮೇಲೆ ತಗೊಳ್ಳಿ. ನಲ್ಲಿ ರಿಪೇರಿಯವನು ಹನ್ನೊಂದಕ್ಕೆ ಬರ್ತಾನೆ.

ಈಗ ನನ್ನ ತಲೆ ಕೆಡಿಸಿರೋ ವಿಷಯ. ಹಿಂದಿನ ಕೋಣೆಯಲ್ಲಿ ನಾನು ಮಾಡ್ತಿರೋ ಮರದ ಪೆಟ್ಟಿಗೆಯ ಒಂದು ಮೂಲೆ ಭಾನುವಾರ ಏನು ಮಾಡಿದರೂ ಕೂಡಲಿಲ್ಲ. ಬೇಜಾರಾಗಿ ಹಾಗೇ ಬಿಟ್ಟುಬಂದೆ. ಇವತ್ತು ನೋಡಿದರೆ ಎರಡು ಹಲಗೆಗೂ ಕೊರೆದ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಕೂತಿವೆ, ಕೂದಲು ತೂರೋಕೂ ಜಾಗ ಇಲ್ಲ. ಉಳಿಯನ್ನೂ ಯಾರೋ ಸಾಣೆ ಹಿಡಿದಿಟ್ಟಿದ್ದಾರೆ. ಮೊದಲು ನಿಮ್ಮ ಮಗನ ಮೇಲೆ ಅನುಮಾನ ಬಂತು. ಆದರೆ ಅವರಿಗೆ ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರಲ್ಲ, ನಿಮಗೇ ಗೊತ್ತು.

ಆಮೇಲೆ ನಾನು ನಿಂತು ಮರಗೆಲಸ ಮಾಡೋ ಬೆಂಚಿನ ಕೆಳಗೆ ಒಂದು ಚೀಲ ಸಿಕ್ತು. ಅದರಲ್ಲಿ ತುಂಡು ಹಲಗೆಗಳನ್ನು ಕೊರೆದು ಕೂಡಿಸಿದ ಒಂಬತ್ತು ಮೂಲೆಗಳು, ಒಂದಕ್ಕಿಂತ ಒಂದು ಚೆನ್ನಾಗಿವೆ. ಜೊತೆಗೆ, ನೀವು ನಿನ್ನೆಯಿಂದ ಹುಡುಕ್ತಿರೋ ಕನ್ನಡಕ.

ಅತ್ತೆ, ನೀವಾ? “ಮನೆಯೆಲ್ಲಾ ಮರದ ಹೊಟ್ಟು, ಹೆಂಗಸರಿಗ್ಯಾಕಮ್ಮ ಈ ಕೆಲಸ” ಅಂತ ಎರಡು ವರ್ಷದಿಂದ ಗೊಣಗ್ತಿರೋರು ನೀವೇ ತಾನೆ? ಯಾವಾಗ ಕಲಿತಿರಿ? ನಾನು ಇಲ್ಲದಾಗಲೇ ಯಾಕೆ? ಕೇಳಿದರೆ ನಾನು ನಗ್ತೀನಿ ಅಂದುಕೊಂಡ್ರಾ? ನನಗಂತೂ ಸಿಟ್ಟು ಮಾಡಿಕೊಳ್ಳಲೋ ಖುಷಿಪಡಲೋ ತಿಳೀತಿಲ್ಲ.

ಕನ್ನಡಕ ಒರೆಸಿ ಮೇಜಿನ ಮೇಲೆ ಇಟ್ಟಿದ್ದೀನಿ. ಆ ಬೆಂಚು ನನ್ನ ಎತ್ತರಕ್ಕೆ ಮಾಡಿದ್ದು, ನಿಮಗೆ ಭುಜ ಹಿಡಿಯುತ್ತೆ. ಸಂಜೆ ನಾನು ಬಂದಮೇಲೆ ಅದರ ಕಾಲುಗಳನ್ನು ನಾಲ್ಕು ಬೆರಳಷ್ಟು ಕೊಯ್ದು ತಗ್ಗಿಸೋಣ. ನಾನು ಬಗ್ಗಿ ಮಾಡ್ತೀನಿ ಬಿಡಿ.

ನಿಮ್ಮ ಸೊಸೆ