ಎರಡು ತೂತಿನ ಆಂಪ್ಲಿಫೈಯರ್

ಟೋಕಿಯೊ, ಮಾರ್ಚ್ 9

ಪ್ರೀತಿಯ ಶಿಗೆರು ಅವರಿಗೆ,

ಪ್ಲಮ್ ಹೂ ಉದುರಿತು, ಚೆರ್ರಿ ಇನ್ನೂ ಮೊಗ್ಗು. ಪತ್ರವೆಂದ ಮೇಲೆ ಋತುವಿನ ಮಾತು ಮೊದಲು ಬರಬೇಕಲ್ಲ, ಬಂತು. ಇನ್ನು ನಿಮ್ಮ ಆಂಪ್ಲಿಫೈಯರ್ ವಿಷಯ.

ನೀವು ಬರೆದಂತೆ ನಿನ್ನೆ ಅಕಿಹಾಬಾರಾದ ಎಲೆಕ್ಟ್ರಾನಿಕ್ಸ್ ಪೇಟೆಗೆ ಹೋಗಿದ್ದೆ. ನೀವು ಇಲ್ಲೇ ಬಿಟ್ಟಿದ್ದ ಭಾರದ ಹೆಡ್‌ಫೋನನ್ನೂ ನಿಮ್ಮ ಮೆಚ್ಚಿನ ಗಾಯಕಿಯ ಸಿ.ಡಿ.ಯನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಒಯ್ದೆ. ಹಳೆಯ ಕಾಲದ ಗಾಜಿನ ವಾಲ್ವಿನದೇ ಆಗಬೇಕು, ಗುಂಯ್‌ಗುಡಬಾರದು, ಪುಸ್ತಕದ ಕಪಾಟಿನಲ್ಲಿ ಹಿಡಿಸಬೇಕು, ಎಲ್ಲ ನೆನಪಿತ್ತು. ಕೊನೆಯಲ್ಲಿ ನೀವು ಬರೆದ ಮಾತೂ ನೆನಪಿತ್ತು: ಹೆಡ್‌ಫೋನ್ ಹಾಕಿಕೊಂಡರೆ ನಿನಗೆ ತೊಂದರೆಯಾಗುವುದಿಲ್ಲ ಎಂದು. ಅತಿವಿನಯಂ ಧೂರ್ತಲಕ್ಷಣಂ ಎಂದುಕೊಂಡೆ, ಕೋಪ ಮಾಡಿಕೊಳ್ಳಬೇಡಿ.

ಹನ್ನೊಂದು ವರ್ಷ ಕಂಪನಿ ನಿಮ್ಮನ್ನು ದೂರದ ಫುಕುಓಕಾದಲ್ಲಿ ಇಟ್ಟಿತು. ತಿಂಗಳಿಗೊಮ್ಮೆ ಬಂದವರು ನಮ್ಮದೇ ಮನೆಯಲ್ಲಿ ಟವೆಲ್ ಎಲ್ಲಿದೆ ಎಂದು ನೆಂಟರ ಹಾಗೆ ಕೇಳುತ್ತಿದ್ದಿರಿ. ಈಗ ನಿವೃತ್ತರಾಗಿ ಏಪ್ರಿಲ್‌ಗೆ ಪೂರ್ತಿಯಾಗಿ ಬರುತ್ತೀರಿ. ನೆರೆಹೊರೆಯವರೆಲ್ಲ ಸಂತೋಷದ ಸುದ್ದಿ ಎನ್ನುತ್ತಾರೆ, ನಾನು ತಲೆಬಾಗಿ ನಗುತ್ತೇನೆ. ನಿಜ ಹೇಳಲೇ? ನನಗೆ ಭಯ. ನೀವಿಲ್ಲದ ಮನೆ ನನಗೆ ಒಗ್ಗಿಹೋಗಿದೆ. ಸಂಜೆಗೆ ಒಂದು ಬಟ್ಟಲು ಸೋಬಾ ಶಾವಿಗೆ ಮಾಡಿಕೊಂಡರೆ ಮುಗಿಯಿತು. ಅಂಥ ಮನೆಗೆ ಬಂದು ನೀವು ಕಿವಿ ಮುಚ್ಚಿಕೊಂಡು ಕೂತರೆ, ಎರಡು ಕೋಣೆಯ ಈ ಗೂಡಿನಲ್ಲಿ ನಾವಿಬ್ಬರೂ ಬಾಳುವುದು ಹೇಗೆ?

ಅಂಗಡಿಯಲ್ಲಿ ಗಂಡಸರು ಸಾಲಾಗಿ ಕೂತು, ಮನೆಯಿಂದ ತಂದ ಹೆಡ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿಕೊಂಡಿದ್ದರು. ಮಾತಿಲ್ಲ, ಕತೆಯಿಲ್ಲ. ಹೊರಿಗುಚಿ ಎನ್ನುವ ಅಂಗಡಿಯವರು ಎರಡು ಆಂಪ್ಲಿಫೈಯರ್ ಇಟ್ಟು, ವಾಲ್ವು ಕಾಯಲಿ ಎಂದು ನನ್ನನ್ನೂ ಕಾಯಿಸಿದರು. ಮೊದಲನೆಯದರಲ್ಲಿ, ಹಾಡುವ ಮುನ್ನ ಆಕೆ ಉಸಿರೆಳೆದುಕೊಂಡದ್ದು ಕೇಳಿಸಿತು. ನೀವು ಇಲ್ಲಿದ್ದು ಸ್ಪೀಕರಿನಲ್ಲಿ ಹಾಡು ಹಾಕಿದಾಗ ಅಡುಗೆಮನೆಯಲ್ಲಿ ನಿಂತು ಜಾರುಬಾಗಿಲಿನಾಚೆಯಿಂದ ನಾನು ಕೇಳಿದ್ದು ಬರೀ ಡಬಡಬ. ನನಗೆ ಗದ್ದಲವಾಗಬಾರದೆಂದು ನೀವು ಬಾಗಿಲು ಎಳೆದುಕೊಳ್ಳುತ್ತಿದ್ದಿರಿ. ನಿಮಗೆ ಅಡ್ಡಿಯಾಗಬಾರದೆಂದು ನಾನು ತೆರೆಯುತ್ತಿರಲಿಲ್ಲ. ಅಂಗಡಿಯಲ್ಲೇ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ, ಆ ಸಾಲಿನಲ್ಲಿ ಯಾರು ಅತ್ತರೂ ವಾಲ್ವು ಚೆನ್ನಾಗಿದೆ ಎಂದೇ ತಿಳಿಯುತ್ತಾರೆ.

ಎರಡನೆಯದು ಸ್ವಲ್ಪ ಮಂಕು. ಕಿವಿಗೊಟ್ಟರೆ ಗುಂಯ್ ಎನ್ನುವುದೂ ಕೇಳುತ್ತದೆ. ಆದರೆ ಅದರಲ್ಲಿ ಹೆಡ್‌ಫೋನ್ ಸಿಕ್ಕಿಸಲು ತೂತು ಎರಡು. ಹೊರಿಗುಚಿ ಮೊದಲನೆಯದನ್ನೇ ಹೊಗಳಿ ಹೊಗಳಿ, ಕೊನೆಗೆ ಕೇಳಿದರು.

"ಯಜಮಾನ್ರು ಒಬ್ರೇ ತಾನೇ ಕೇಳೋದು?"

"ಇಷ್ಟು ದಿನ ಒಬ್ರೇ ಕೇಳಿದ್ದು ಸಾಕು. ಎರಡು ತೂತಿಂದೇ ಕೊಡಿ," ಎಂದೆ.

ಸಂಗೀತ ಬಲ್ಲವರು ಇದನ್ನು ಒಯ್ಯುವುದಿಲ್ಲ ಎಂದು ಅವರು ಮೆಲ್ಲಗೆ ಗೊಣಗಿದರು. ಬಲ್ಲವರು ಫುಕುಓಕಾದಲ್ಲಿದ್ದಾರೆ, ನಾನು ಅವರ ಹೆಂಡತಿ ಅಷ್ಟೇ ಎಂದೆ. ನಕ್ಕು ಕಟ್ಟಿಕೊಟ್ಟರು.

ಹೀಗಾಗಿ ನೀವು ಕೇಳಿದ್ದು ನಿಮಗೆ ಸಿಗಲಿಲ್ಲ. ನನಗೆಂದು ಒಂದು ಹಗುರವಾದ ಹೆಡ್‌ಫೋನ್ ಕೂಡ ತಂದಿದ್ದೇನೆ. ನಿಮ್ಮ ಹಾಡುಗಳಲ್ಲಿ ಅರ್ಧದಷ್ಟು ನನಗೆ ಹಿಡಿಸದೆ ಹೋಗಬಹುದು, ಆಗ ಹಾಗೆಂದು ಹೇಳುತ್ತೇನೆ. ಗುಂಯ್ ಎನ್ನುವುದು ನಿಮಗೆ ಬೇಸರವಾದರೆ ಬೈಯಿರಿ. ಎದುರಿಗೆ ಕೂತು ಬೈಯಿರಿ.

ನಿಮ್ಮ,
ಸೆತ್ಸುಕೊ

ತಾ.ಕ.: ಜನವರಿಯಲ್ಲಿ ಮತ್ಸುದೊದಲ್ಲಿ, ಅಕ್ಕನ ಮನೆಯ ಹತ್ತಿರ, ನನ್ನೊಬ್ಬಳಿಗೇ ಒಂದು ಬಾಡಿಗೆ ಕೋಣೆ ಗೊತ್ತುಮಾಡಿದ್ದೆ. ನಿಮಗೆ ಹೇಳಿರಲಿಲ್ಲ. ಅದನ್ನು ಇನ್ನೂ ಬೇಡವೆಂದಿಲ್ಲ, ಏಪ್ರಿಲ್ ಮುಗಿಯುವವರೆಗೆ ಸಮಯ ಕೇಳಿದ್ದೇನೆ. ಆ ಕೋಣೆಯ ಮಾಲೀಕರಿಗೆ ಏನು ಹೇಳಲಿ? ಈ ಸಲ ನನಗೆ ತೊಂದರೆಯಾದೀತೆಂದು ನೋಡಬೇಡಿ, ನಿಮಗೇನು ಬೇಕೋ ಅದನ್ನು ಹೇಳಿ.