ಮಡಚಿದ ಬೀಸಣಿಗೆ

ನವೆಂಬರ್ ೧೨, ಅಸಾಕುಸಾ

ಕಣ್ಣು ಮುಚ್ಚಿದರೆ ಅದೇ ಏಟು. ಗುರು ಕಿಕುಸುಯಿ ಒಪ್ಪಿಗೆ ಕೊಡುವ ಮೊದಲೇ ನನ್ನ ಗಂಡ ಶೋಜಿ, ಗುರುಗಳ ಹಾಸ್ಯ ಕತೆಯನ್ನು ಇಂದು ಕತೆಗಾರರ ವೇದಿಕೆಯಲ್ಲಿ ಹೇಳಿಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಅತ್ಯುತ್ತಮ ಕತೆಗಾರನಿಗೆ ಮೀಸಲಾದ ಕೊನೆಯ ಸರದಿ ಜೀವಮಾನವಿಡೀ ಸಿಗದ ಆ ಮುದುಕ, ತೆರೆಯ ಹಿಂದೆ, ಮಗುವನ್ನೆತ್ತಿಕೊಂಡು ನಿಂತ ನನ್ನೆದುರೇ, ಮಡಚಿದ ಬೀಸಣಿಗೆಯಿಂದ ಅವನ ಹಣೆಗೆ ಬಾರಿಸಿದ. ಬೀಸಣಿಗೆಯ ಬಿದಿರು ಸೀಳಿ ರಕ್ತ ಚಿಮ್ಮಿದರೂ ನಿಲ್ಲಿಸಲಿಲ್ಲ.

"ಹೆಂಡ್ತಿ ಎದುರಿಗಿದ್ದಾಳೆ ಅಂತ ಬಿಡ್ತೀನಾ? ಕಳ್ಳಾ, ಜನ ನಕ್ಕರೆ ಕತೆ ನಿಂದಾಗುತ್ತೇನೋ?"

"ತಪ್ಪಾಯ್ತು ಗುರುಗಳೇ."

ಮನೆಗೆ ಬಂದರೂ ಮಗು ಅಳುತ್ತಲೇ ಇತ್ತು. ನೂಡಲ್ಸ್ ಹೀರುವ ಅಭಿನಯದಿಂದ ನಗಿಸೋಣವೆಂದು ಶೋಜಿ ತನ್ನ ಬೀಸಣಿಗೆಯನ್ನು ತಿನ್ನುವ ಕಡ್ಡಿಯಂತೆ ಎತ್ತಿದ. ನಾನು ಮಗುವನ್ನು ಕಿತ್ತುಕೊಂಡೆ.

"ಹೊಡೀತೀನಿ ಅನ್ಕೊಂಡ್ಯಾ, ಚಿಯೆ?"

ನಾನು ಮಗುವಿನೊಂದಿಗೆ ಈ ಕೋಣೆಗೆ ಬಂದೆ. ಎತ್ತಿದ ಆ ಮಣಿಕಟ್ಟು ಗುರುವಿನದೇ ಆಗಿತ್ತು. ಈಗ ಪಕ್ಕದ ಕೋಣೆಯಲ್ಲಿ ಅವನು ಅದೇ ಕತೆಯನ್ನು ಪಿಸುಗುಟ್ಟುತ್ತಿದ್ದಾನೆ, ಬೀಸಣಿಗೆ ನೆಲಕ್ಕೆ ತಾಗಿದಾಗಲೆಲ್ಲ ನಾನು ಮಲಗಿದ ಮಗುವಿನ ಹಣೆಗೆ ಕೈ ಅಡ್ಡ ಹಿಡಿಯುತ್ತಿದ್ದೇನೆ.